ಮರಳಿನ ಪರವಾಗಿ ಒಂದು ಮಾತು

ಕ್ರಿಸ್ಮಸ್ಸು ಹತ್ತಿರ ಬಂತೆಂದರೆ ನನ್ನ ಹೆಂಡತಿ ಲೂರ್ದಮ್ಮನಿಗೆ ಎರಡು ಕೆಲಸ ಮೈಮೇಲೆ ಬರುತ್ತವೆ. ಒಂದು, ಕಜ್ಜಾಯಕ್ಕೆ ಅಕ್ಕಿ ನೆನೆಹಾಕುವುದು. ಇನ್ನೊಂದು, ನನ್ನ ಸಾಮಾನು ಎಸೆಯುವುದು. ಮೊನ್ನೆ ಅಟ್ಟ ಗುಡಿಸುತ್ತಿದ್ದವಳು ಅಂಗೈಯಗಲದ ಒಂದು ಪುಸ್ತಕವನ್ನು, ಸತ್ತ ಇಲಿಯನ್ನು ಬಾಲ ಹಿಡಿದು ತರುವ ಹಾಗೆ, ಎರಡೇ ಬೆರಳಿನಲ್ಲಿ ಹಿಡಿದು ತಂದಳು.

“ಇದ್ನೂ ಮಡಗ್ಬೇಕಾ, ಇಲ್ಲ ಒಲೆಗೆ ಆಕ್ಬುಡ್ಲಾ?”

“ಆಕು ನೋಡಾನ. ಉರಿಯಾಕಿಲ್ಲ. ಅರ್ಧ ಸಿಮೆಂಟು ಅದೆ ಅದ್ರಲ್ಲಿ,” ಅಂದೆ.

ಸುಳ್ಳಲ್ಲ. ಮೂರು ವರ್ಷದ ಹಿಂದೆ ನನ್ನ ಊಟದ ಚೀಲದಲ್ಲಿ ಬುತ್ತಿಯ ಪಕ್ಕದಲ್ಲೇ ಇರುತ್ತಿದ್ದ ಪುಸ್ತಕ ಅದು. ದಿನಕ್ಕೊಂದು ಪುಟ. ಮೇಲೆ ಆ ದಿನದ ಶುಭಸಂದೇಶ, ಅಂದರೆ ಯೇಸುಸ್ವಾಮಿಯ ಮಾತೋ ಕತೆಯೋ, ಕೆಳಗೆ ಅದನ್ನು ನಾವು ಬದುಕಿನಲ್ಲಿ ಹೇಗೆ ನಡೆಸಿಕೊಳ್ಳಬೇಕೆಂದು ನಾಲ್ಕು ಸಾಲಿನ ಚಿಂತನೆ. ಒಂದು ದಿನ ಅದು ಕಲಸಿದ ಗಾರೆಯೊಳಗೆ ಬಿತ್ತು. ಎತ್ತಿ ಒಣಗಿಸುವಷ್ಟರಲ್ಲಿ ಮೇ ತಿಂಗಳಿಂದ ನವೆಂಬರುವರೆಗೆ ಎಲ್ಲಾ ಪುಟಗಳೂ ಒಂದೇ ಹಲಗೆಯಾಗಿದ್ದವು. ಆ ವರ್ಷ ಆರೇಳು ತಿಂಗಳು ಶುಭಸಂದೇಶ ಗೊತ್ತಿಲ್ಲದೆಯೇ ಬದುಕಿದೆ. ಏನೂ ಕೆಟ್ಟುಹೋಗಲಿಲ್ಲ ಅಂತ ಹೇಳಿದರೆ ಲೂರ್ದಮ್ಮ ಬೈಯುತ್ತಾಳೆ. ಆದರೆ ಡಿಸೆಂಬರಿನ ಪುಟಗಳು ಬಿಡಿಯಾಗಿಯೇ ಉಳಿದವು. ಅದರಲ್ಲೊಂದು ಪುಟದ ಮೇಲೆ ನನ್ನ ಹೆಬ್ಬೆಟ್ಟಿನ ಬೂದುಬಣ್ಣದ ಗುರುತು ಇನ್ನೂ ಇದೆ. ಹೆಬ್ಬೆಟ್ಟು ಅಂದಕೂಡಲೇ ನಗಬೇಡಿ. ನನಗೆ ಓದಲು ಬರೆಯಲು ಬರುತ್ತದೆ. ಆರನೇ ತರಗತಿ ಮುಗಿಸಿಲ್ಲ ಅಷ್ಟೇ.

ಅದನ್ನು ಮುಗಿಸದ ಕತೆಯನ್ನೂ ಹೇಳಿಬಿಡುತ್ತೇನೆ. ನಮ್ಮದು ಕಾವೇರಿ ದಡದ ಗಂಜಾಂ. ನಮ್ಮಪ್ಪ ಗಾರೆ ಕೆಲಸದವರು. ನಮ್ಮ ಶಾಲೆಯ ಒಂದು ಗೋಡೆ ಮಳೆಗೆ ಬಿದ್ದಾಗ ಅದನ್ನು ಕಟ್ಟಲು ಬಂದವರು ಅವರೇ. ನಾನು ಒಳಗೆ ಬೆಂಚಿನ ಮೇಲೆ ಕೂತು ಭಿನ್ನರಾಶಿ ಮಾಡುತ್ತಿದ್ದೆ, ಅವರು ಹೊರಗೆ ಇಟ್ಟಿಗೆ ಇಡುತ್ತಿದ್ದರು. ಮೂರನೇ ದಿನ ಇಟ್ಟಿಗೆ ಕೊಡುವ ಆಳು ಬರಲಿಲ್ಲ. ಅಪ್ಪ ಗೋಡೆ ಇಲ್ಲದ ಕಡೆಯಿಂದ ಒಳಗೆ ನೋಡಿ ನನಗೆ ಕಣ್ಸನ್ನೆ ಮಾಡಿದರು. ಎದ್ದು ಹೋದೆ. ಗೋಡೆ ಮೇಲೇರುತ್ತ ಹೋಯಿತು. ಪೂರ್ತಿಯಾಗುವ ಹೊತ್ತಿಗೆ ನಾನು ಆಚೆ ಬದಿಯಲ್ಲಿದ್ದೆ. ಹಾಗಾಗಿ ನಾನು ಶಾಲೆ ಬಿಟ್ಟವನಲ್ಲ, ಶಾಲೆಯನ್ನು ಹೊರಗಿನಿಂದ ಕಟ್ಟಿದವನು. ಆ ಗೋಡೆ ಈಗಲೂ ನೆಟ್ಟಗಿದೆ. ಒಳಗೆ ಕೂತು ಪಾಸಾದವರಲ್ಲಿ ಎಷ್ಟು ಜನ ನೆಟ್ಟಗಿದ್ದಾರೆ ಅನ್ನುವುದನ್ನು ನಾನು ಎಣಿಸಲು ಹೋಗುವುದಿಲ್ಲ.

ಆ ಆರನೇ ತರಗತಿಗೆ ಕನ್ನಡ ಕಲಿಸುತ್ತಿದ್ದವರು ಚಿನ್ನಪ್ಪ ಮೇಷ್ಟ್ರು. ನಮ್ಮ ಚರ್ಚಿನವರೇ. ಈ ಕತೆಗೆ ಅವರೇ ಮುಖ್ಯ, ಆಮೇಲೆ ಬರುತ್ತಾರೆ. ಅವರು ಯಾವಾಗಲೂ ಸ್ವಲ್ಪ ಕಾಯಿಸಿಯೇ ಬರುವವರು.

ಶುಭಸಂದೇಶ ನನಗೆ ಮೊದಲು ಸಿಕ್ಕಿದ್ದು ಪುಸ್ತಕದಿಂದಲ್ಲ, ನಮ್ಮಜ್ಜಿ ಆರೋಗ್ಯಮ್ಮನ ಬಾಯಿಂದ. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ, ಪರದೇಶವೂ ಗೊತ್ತಿರಲಿಲ್ಲ. ಅವಳ ಯೇಸುಸ್ವಾಮಿ ಓಡಾಡಿದ್ದೆಲ್ಲ ಕಾವೇರಿ ದಡದಲ್ಲೇ. ಅವರ ಶಿಷ್ಯ ಸಂತ ರಾಯಪ್ಪನವರು ತೆಪ್ಪದಲ್ಲಿ ನಿಂತು ಬಲೆ ಬೀಸುವಾಗ ಹಿಂದುಗಡೆ ನಿಮಿಷಾಂಬ ದೇವಸ್ಥಾನದ ಮೆಟ್ಟಿಲಲ್ಲಿ ಹೆಂಗಸರು ದೀಪ ಹಚ್ಚುತ್ತಿದ್ದರು. ಮರಳಿನ ಮೇಲೆ ಕಟ್ಟಿದ ಮನೆಗೆ ಬಡಿದ ಪ್ರವಾಹ ಅಂದರೆ ಕನ್ನಂಬಾಡಿ ಕಟ್ಟೆಯ ಬಾಗಿಲು ತೆಗೆದಾಗ ನುಗ್ಗುವ ನೀರು. ದೊಡ್ಡವನಾದ ಮೇಲೆ ಅದೆಲ್ಲ ಬೇರೆ ದೇಶದಲ್ಲಿ ನಡೆದದ್ದು ಎಂದು ತಿಳಿಯಿತು. ತಿಳಿದು ಏನು ಪ್ರಯೋಜನ? ಇಂದಿಗೂ ಕಣ್ಣು ಮುಚ್ಚಿದರೆ ಅವರ ಪಾದದಲ್ಲಿ ನಮ್ಮ ಹೊಳೆಯ ಮರಳೇ ಅಂಟಿರುತ್ತದೆ.

ಕೆಲಸದ ಜಾಗದಲ್ಲಿ ಹತ್ತು ಗಂಟೆಗೆ ಟೀ ಬರುತ್ತದೆ. ಇಟ್ಟಿಗೆ ರಾಶಿಯ ಮೇಲೆ ಕೂತು ಆ ದಿನದ ಪುಟವನ್ನು ಗಟ್ಟಿಯಾಗಿ ಓದುವುದು ನನ್ನ ಅಭ್ಯಾಸ. ಗಟ್ಟಿಯಾಗಿ ಓದದಿದ್ದರೆ ನನಗೆ ಅರ್ಥವಾಗುವುದಿಲ್ಲ, ಯಾರನ್ನೂ ಉದ್ಧಾರ ಮಾಡಲಿಕ್ಕಲ್ಲ. ಆ ವರ್ಷವೆಲ್ಲ ಪಾಂಡವಪುರದ ಕಡೆ ಒಂದು ಮನೆ ಕಟ್ಟುತ್ತಿದ್ದೆವು. ಕೇಳುವವರು ಇಬ್ಬರು. ಗಾರೆ ಬಾಂಡ್ಲಿ ಹೊರುವ ಕೆಂಪಮ್ಮ, ಮರದ ಕೆಲಸದ ಪುಟ್ಟಾಚಾರಿ. ಇಬ್ಬರಿಗೂ ನಮ್ಮ ಚರ್ಚಿನ ದಾರಿಯೇ ಗೊತ್ತಿಲ್ಲ. ಆದರೆ ಅವರಷ್ಟು ಗಮನ ಕೊಟ್ಟು ಶುಭಸಂದೇಶ ಕೇಳಿದವರನ್ನು ನಾನು ಚರ್ಚಿನಲ್ಲೂ ಕಂಡಿಲ್ಲ.

ಆಕಾಶದ ಹಕ್ಕಿಗಳನ್ನು ನೋಡಿರಿ, ಅವು ಬಿತ್ತುವುದಿಲ್ಲ, ಕೊಯ್ಯುವುದಿಲ್ಲ ಎಂಬ ಭಾಗ ಒಂದು ದಿನ ಬಂತು. ಕೆಂಪಮ್ಮ ಟೀ ಲೋಟ ಕೆಳಗಿಟ್ಟಳು.

“ಬಿತ್ತಾಕಿಲ್ಲ ಅನ್ನೋದು ದಿಟ. ಕುಯ್ಯಾಕಿಲ್ಲ ಅಂದೋರ್ಯಾರು? ಬೂಕನಕೆರೇಲಿ ನಮ್ ಅಣ್ಣನ ರಾಗಿ ವಲ ಅದೆ, ತೆನೆ ಕಟ್ಟಿದ್ ಕಾಲ್ದಲ್ಲಿ ಬಂದು ನೋಡಾಕೇಳಿ ನಿಮ್ ಸಾಮಿಗೆ.”

“ಅದು ಅಂಗಲ್ಲ ಕಣವ್ವ. ನಾಳೆ ಎಂಗಪ್ಪಾ ಅಂತ ಚಿಂತೆ ಮಾಡ್ಬ್ಯಾಡಿ ಅಂತ.”

“ನಾನೇನು ಚಿಂತೆ ಮಾಡಿದ್ನಾ? ಹಕ್ಕಿ ಓಡ್ಸುದ್ರೆ ಸಾಕು ಅಂದೆ.”

ಹೀಗೆ ಓದುತ್ತ ಓದುತ್ತ ನನಗೇ ಒಂದು ಅನುಮಾನ ಬಲಿಯಿತು. ಶುಭಸಂದೇಶದಲ್ಲಿ ನಮ್ಮ ಕಸುಬಿನವರಿಗೆ ಒಂದು ಒಳ್ಳೆಯ ಮಾತೂ ಇಲ್ಲ. ಗೋಪುರ ಕಟ್ಟಲು ಹೊರಟು ಅರ್ಧಕ್ಕೆ ನಿಲ್ಲಿಸಿ ಊರವರ ಬಾಯಿಗೆ ಬಿದ್ದವನು ಕಟ್ಟುವವನು. ಮೂಲೆಗೆ ಬೇಕಾದ ಕಲ್ಲನ್ನೇ ಬೇಡವೆಂದು ಎಸೆದವರು ಕಟ್ಟುವವರು. ಸಿಲೋವ ಎಂಬಲ್ಲಿ ಗೋಪುರ ಕುಸಿದು ಜನ ಸತ್ತರಂತೆ, ಅದನ್ನು ಕಟ್ಟಿದವನನ್ನು ಕೇಳುವುದೇ ಬೇಡ. ಹೋಗಲಿ, ಗೋರಿಗೆ ಸುಣ್ಣ ಬಳಿದು ಚೆಂದ ಮಾಡಿದರೆ ಅದೂ ಒಂದು ಬೈಗುಳ. ಬಿತ್ತುವವನು, ಕುರಿ ಕಾಯುವವನು, ಮೀನು ಹಿಡಿಯುವವನು, ಕಡೆಗೆ ಸುಂಕದವನಿಗೂ ಒಂದು ಮರ್ಯಾದೆ ಇದೆ. ನಮಗಿಲ್ಲ.

ಇದನ್ನು ಹೇಳಿದಾಗ ಪುಟ್ಟಾಚಾರಿ ಬೀಡಿ ಹಚ್ಚುತ್ತ ಕೇಳಿದ, “ಇನಾಸಣ್ಣ, ನಿಮ್ ಸಾಮಿ ಯಾವ್ ಕಸುಬಿನ ಮನೇಲಿ ಬೆಳ್ದೋರು?”

“ಬಡಗಿ ಮನೇಲಿ.”

“ಅಂಗೇಳು ಮತ್ತೆ! ಗಾರೆಯೋರ ಅಣೆಬರ ನಮ್ಗಿಂತ ಇನ್ಯಾರ್ಗೆ ಗೊತ್ತು?” ಎಂದು ಅವನು ಕೆಮ್ಮುವವರೆಗೆ ನಕ್ಕ. ಮನೆ ಕೆಲಸದಲ್ಲಿ ಗಾರೆಯವನಿಗೂ ಮರಗೆಲಸದವನಿಗೂ ಹಾವು ಮುಂಗುಸಿ ಸಂಬಂಧ. ಬಾಗಿಲು ಕೂರದಿದ್ದರೆ ಅವನು ಗೋಡೆ ಸೊಟ್ಟ ಅನ್ನುತ್ತಾನೆ, ನಾನು ಚೌಕಟ್ಟು ಸೊಟ್ಟ ಅನ್ನುತ್ತೇನೆ. ದೇವರು ಕೂಡ ಅವನ ಕಡೆಯವನು ಎಂದು ಆವತ್ತು ತೀರ್ಮಾನವಾಗಿಹೋಯಿತು.

ಈಗ ಮೇಷ್ಟ್ರು ಬರಬಹುದು.

ಚಿನ್ನಪ್ಪ ಮೇಷ್ಟ್ರಿಗೆ ಈಗ ಎಂಬತ್ತು ದಾಟಿದೆ. ಬಿಳಿ ಪಂಚೆ, ಬಿಳಿ ಜುಬ್ಬ, ಜೇಬಿನಲ್ಲಿ ಕೆಂಪು ಶಾಯಿಯ ಪೆನ್ನು. ಒಳ್ಳೆಯ ಮನುಷ್ಯ. ಒಳ್ಳೆಯವರ ಜೊತೆ ಜಗಳವಾಡುವಷ್ಟು ಕಷ್ಟ ಇನ್ನೊಂದಿಲ್ಲ. ನಮ್ಮ ಚರ್ಚಿನಲ್ಲಿ ಬೆಳಗಿನ ಪೂಜೆಯಾದ ಮೇಲೆ ಐದು ನಿಮಿಷ ದಿನದ ಚಿಂತನೆ ಎಂದು ಶುರುಮಾಡಿದವರು ಅವರೇ. ದಿನಕ್ಕೊಂದು ಮನೆಯ ಪಾಳಿ. ಆ ಮನೆಯವರು ಒಬ್ಬರು ಎದ್ದು ನಿಂತು ಅಂದಿನ ಶುಭಸಂದೇಶದ ಬಗ್ಗೆ ನಾಲ್ಕು ಮಾತು ಹೇಳಬೇಕು. ಹೇಳಬೇಕು ಎಂದರೆ, ಮೇಷ್ಟ್ರು ಬರೆದುಕೊಟ್ಟ ಚೀಟಿ ಓದಬೇಕು. ಅವರು ಅದನ್ನು ಫೋನಿನಲ್ಲಿ ಹಿಡಿದು, ಪೂಜೆಗೆ ಬಾರದವರೂ ಕೇಳಲೆಂದು ವಾಟ್ಸಾಪ್ ಗ್ರೂಪಿಗೆ ಕಳಿಸುತ್ತಿದ್ದರು.

ಅವರಿಗೂ ನನಗೂ ನಡುವೆ ಆರನೇ ತರಗತಿಯಲ್ಲದೆ ಇನ್ನೂ ಒಂದಿತ್ತು. ಒಂದು ಬಿರುಕು.

ನಿವೃತ್ತಿಯ ವರ್ಷ ಅವರು ಬಾಬುರಾಯನಕೊಪ್ಪಲಿನಲ್ಲಿ ಮನೆ ಕಟ್ಟಿಸಿದರು. ಕಟ್ಟಿದವನು ನಾನು. ನಾಲೆಯ ನೀರುಂಡ ಗದ್ದೆಯನ್ನು ಮಣ್ಣು ಹೊಡೆದು ನಿವೇಶನ ಮಾಡಿದ ಜಾಗ. ಮೂರಡಿ ಅಗೆದರೂ ಜೇಡಿಮಣ್ಣು. ಕಾಲಿಟ್ಟು ತೆಗೆದರೆ ಹೆಜ್ಜೆಯಲ್ಲಿ ನೀರು ಬಂದು ಕೂರುತ್ತಿತ್ತು. ಇನ್ನೂ ಎರಡಡಿ ಹೋಗಬೇಕು, ಗಟ್ಟಿ ನೆಲ ಸಿಗಬೇಕು, ಮೇಲೆ ಮರಳು ತುಂಬಿ ನೀರು ಬಿಟ್ಟು ಗುದ್ದಬೇಕು, ಆಮೇಲೆ ಕಲ್ಲು ಎಂದೆ. ಅವರ ತಮ್ಮ ದೂರದ ಊರಿನಲ್ಲಿ ಪಾದ್ರಿಗಳು. ಅವರು ರಜೆಗೆ ಬರುವ ವಾರಕ್ಕೆ ಮನೆಯ ಆಶೀರ್ವಾದ ಆಗಲೇಬೇಕಿತ್ತು. ಮೇಷ್ಟ್ರು ಗುಂಡಿಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು ಹೇಳಿದರು, “ಸಾಕು ಕಣಯ್ಯ ಇನ್ನಾಸಪ್ಪ. ಪಾತಾಳಕ್ಕೆ ಹೋಗ್ಬೇಕಾ?”

ನಿಲ್ಲಿಸಿದೆ.

ಎರಡನೇ ವರ್ಷ ನಾಲೆಗೆ ನೀರು ಬಿಟ್ಟಾಗ ಈಶಾನ್ಯದ ಮೂಲೆ ಕೂತಿತು. ಕಿಟಕಿಯ ತುದಿಯಿಂದ ನೆಲದವರೆಗೆ ಓರೆಯಾಗಿ, ಜಪಮಾಲೆಯ ಶಿಲುಬೆ ತೂರುವಷ್ಟು ಅಗಲದ ಬಿರುಕು. ಮೆತ್ತಿದರು, ಬಣ್ಣ ಹೊಡೆದರು. ಮುಂದಿನ ನೀರಿಗೆ ಮತ್ತೆ ಬಾಯಿ ಬಿಟ್ಟಿತು. ಬಂದವರಿಗೆಲ್ಲ ಮೇಷ್ಟ್ರು ಅದನ್ನು ತೋರಿಸುತ್ತಿದ್ದರು: “ಇದು ನಮ್ಮ ಇನ್ನಾಸಪ್ಪನ ಕೆಲಸ. ಆರನೇ ಕ್ಲಾಸಲ್ಲಿ ಲೆಕ್ಕಾನೂ ಹಿಂಗೇ ಬಿಟ್ಟು ಹೋದ.” ನಾನೂ ಸುಮ್ಮನಿದ್ದವನಲ್ಲ. ಬಿರುಕು ಬಿಟ್ಟದ್ದು ಗೋಡೆಯಲ್ಲ, ಮೇಷ್ಟ್ರ ‘ಸಾಕು’ ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ. ಹೀಗೇ ಇಪ್ಪತ್ತು ವರ್ಷ. ಪ್ರತಿ ಭಾನುವಾರ ಚರ್ಚಿನಲ್ಲಿ ಶಾಂತಿಯಿರಲಿ ಎಂದು ಒಬ್ಬರಿಗೊಬ್ಬರು ಕೈಮುಗಿಯುವಾಗ ನಾವಿಬ್ಬರೂ ಬೇರೆ ಬೇರೆ ದಿಕ್ಕಿಗೆ ಮುಗಿಯುತ್ತಿದ್ದೆವು.

ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದ ಮೊದಲ ಗುರುವಾರ ನಮ್ಮ ಮನೆಯ ಪಾಳಿ. ಹಿಂದಿನ ಭಾನುವಾರ ಮೇಷ್ಟ್ರು ಚೀಟಿ ಕೊಟ್ಟರು. ಆ ದಿನದ ಶುಭಸಂದೇಶ: ಬಂಡೆಯ ಮೇಲೆ ಕಟ್ಟಿದ ಬುದ್ಧಿವಂತನ ಮನೆ ಮಳೆಗೆ ನಿಂತಿತು, ಮರಳಿನ ಮೇಲೆ ಕಟ್ಟಿದ ಅವಿವೇಕಿಯದು ಬಿತ್ತು. ಅದರ ಕೆಳಗೆ ಮೇಷ್ಟ್ರ ದುಂಡನೆಯ ಅಕ್ಷರದಲ್ಲಿ ಚಿಂತನೆ: ಸೋಮಾರಿ ಗಾರೆಯವನೊಬ್ಬ ಸುಲಭವೆಂದು ಮರಳಿನ ಮೇಲೆ ಮನೆ ಕಟ್ಟಿದಂತೆ ನಾವೂ ಇತ್ಯಾದಿ ಇತ್ಯಾದಿ. ಇದನ್ನು ನಾನು, ಗಾರೆಯವನು, ನನ್ನ ಬಾಯಲ್ಲೇ, ಎಲ್ಲರೆದುರು ಓದಬೇಕು. ಮನೆಗೆ ಹೋಗಿ ಪುಸ್ತಕ ತೆಗೆದು ನೋಡಿದೆ. ಸೋಮಾರಿ ಎಂದೂ ಇಲ್ಲ, ಗಾರೆಯವನು ಎಂದೂ ಇಲ್ಲ. ಪುಟದ ಮೇಲಿನ ಹೆಬ್ಬೆಟ್ಟಿನ ಗುರುತು ಆಗ ಒತ್ತಿದ್ದೇ. ಸ್ವಲ್ಪ ಜೋರಾಗಿಯೇ ಒತ್ತಿದ್ದೇನೆ.

ಸಂಜೆ ಚರ್ಚಿನ ಮೆಟ್ಟಿಲ ಮೇಲೆ ಅವರನ್ನು ಹಿಡಿದೆ.

“ಮೇಷ್ಟ್ರೇ, ಇದ್ನ ನಾನು ಓದಾಕಿಲ್ಲ.”

“ಯಾಕಯ್ಯ? ಅಕ್ಷರ ದಪ್ಪನಾಗೇ ಬರೆದಿದ್ದೀನಲ್ಲ.”

“ಅಕ್ಸರ ಚೆಂದಾಗವೆ. ಮಾತು ಸುಳ್ಳು.”

“ಯೇಸುಸ್ವಾಮಿ ಹೇಳಿದ್ದು ಸುಳ್ಳು ಅಂತೀಯ?”

“ಅವ್ರು ಏಳಿದ್ದಲ್ಲ, ಅದ್ರ ಕೆಳಗೆ ನೀವು ಬರ್ದಿದ್ದು ಸುಳ್ಳು. ಮರಳು ಏನ್ ತಪ್ಪು ಮಾಡ್ತು? ನಾಗಮಂಗಲದ ಕಡೆ ಮೊಣಕಾಲುದ್ದ ಅಗೆದ್ರೆ ಬಂಡೆ. ಅಲ್ಲಿ ಬಂಡೆ ಮ್ಯಾಲೆ ಕಟ್ಟೋನು ಬುದ್ಧಿವಂತ ಅಲ್ಲ, ಅವ್ನಿಗೆ ಬೇರೆ ಜಾಗನೇ ಇಲ್ಲ. ನಮ್ ಗದ್ದೆ ಬಯಲಲ್ಲಿ ಬಂಡೆ ಎಲ್ಲಿಂದ ತರಾನ? ಇಲ್ಲಿ ಪಾಯಕ್ಕೆ ಮರಳು ತುಂಬ್ದಿದ್ರೆ ಮನೆ ನಿಲ್ಲಾಕಿಲ್ಲ.”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. “ನೋಡು, ಐದು ನಿಮಿಷದ ಕೆಲಸ. ಓದಿ ಕೂತ್ಕೋ. ಚಿಂತನೆ ಅಂದ್ರೆ ಬಾಂಡ್ಲಿ ಹೊತ್ತಂಗಲ್ಲ. ಆಗಲ್ಲ ಅಂದ್ರೆ ಹೇಳು, ಓದಿಕೊಂಡವರು ಯಾರಾದ್ರೂ ಓದ್ತಾರೆ.”

“ನಾನೇ ನಿಂತ್ಕತೀನಿ. ಚೀಟಿ ಮಾತ್ರ ಬ್ಯಾಡ.”

“ಚೀಟಿ ಇಲ್ಲದೆ ಇಲ್ಲಿ ಯಾರೂ ನಿಂತಿಲ್ಲ ಇನ್ನಾಸಪ್ಪ.”

“ಅಂಗಾರೆ ನಾನೇ ಮೊದ್ಲು.”

ಅವರು ಕನ್ನಡಕ ಮತ್ತೆ ಏರಿಸಿದರು. “ಆಗಲಿ. ದಾರಿ ತಪ್ಪಿದ್ರೆ ಮಧ್ಯದಲ್ಲೇ ಕೂರಿಸ್ತೀನಿ. ಹಾಗೇನಾದ್ರೂ ಆದ್ರೆ ಮುಂದಿನ ವರ್ಷದಿಂದ ಓದು ಬರದವರ ಮನೆಗೆ ಪಾಳಿ ಹಾಕೋದೇ ಬೇಡ. ನಿನ್ನಿಂದ ಉಳಿದವರಿಗೂ ಯಾಕೆ ಫಜೀತಿ?”

ನಮ್ಮ ಚರ್ಚಿನಲ್ಲಿ ಓದು ಬರದ ಮನೆಗಳು ಕಡಿಮೆಯೇನಲ್ಲ. ಇಟ್ಟಿಗೆ ಗೂಡಿನವರು, ಕಬ್ಬು ಕಡಿಯುವವರು, ಮನೆಗೆಲಸದ ಹೆಂಗಸರು. ಚೀಟಿ ಓದಲು ಬಾರದೆ, ಅವರ ಪಾಳಿ ಬಂದಾಗ ಪಕ್ಕದ ಮನೆಯವರನ್ನು ಕರೆತಂದು ಓದಿಸಿ, ತಾವು ಪಕ್ಕದಲ್ಲಿ ಕೈಕಟ್ಟಿ ನಿಲ್ಲುತ್ತಿದ್ದರು. ನಿಲ್ಲುವುದೂ ಒಂದು ಮರ್ಯಾದೆ. ನಾನು ಎಡವಿದರೆ ಅದೂ ಹೋಗುತ್ತದೆ. ಲೂರ್ದಮ್ಮನದೂ ಹೋಗುತ್ತದೆ, ಯಾಕೆಂದರೆ ಅವಳು ಶಾಲೆಯ ಗೋಡೆಯನ್ನು ಒಳಗಿನಿಂದಲೂ ಕಂಡಿಲ್ಲ, ಹೊರಗಿನಿಂದಲೂ ಕಟ್ಟಿಲ್ಲ. ಮೆಟ್ಟಿಲಿಳಿಯುವಾಗ ನನ್ನ ಎದೆ ಸೆಟೆದಿತ್ತು. ಬೈಕು ಹತ್ತಿ ಮೂರು ಸಲ ಒದ್ದ ಮೇಲೆ ಕೀಲಿ ತಿರುಗಿಸಿಲ್ಲವೆಂದು ಗೊತ್ತಾಯಿತು. ಎರಡನೆಯದನ್ನು ಯಾರಿಗೂ ಹೇಳಿಲ್ಲ, ನಿಮಗೆ ಮಾತ್ರ.

ಸೋಮವಾರದಿಂದ ಅಭ್ಯಾಸ ಶುರು. ಟೀ ಹೊತ್ತಿನಲ್ಲಿ ಮರಳಿನ ಗುಡ್ಡೆಯ ಮೇಲೆ ನಿಂತು ಮರಳಿನ ಪರವಾಗಿ ವಾದ ಮಾಡಿದೆ. ಜೇಡಿಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ನಡುವೆ ಗುದ್ದಿ ಕೂರಿಸಿದ ಮರಳಿದ್ದರೆ ಭಾರವನ್ನು ಹಂಚಿಕೊಂಡು ಸುಮ್ಮನಿರುತ್ತದೆ. ಮರಳಿನಷ್ಟು ತಾಳ್ಮೆಯ ಸಾಮಾನು ಇನ್ನೊಂದಿಲ್ಲ. ಪುಟ್ಟಾಚಾರಿ ಚಪ್ಪಾಳೆ ತಟ್ಟಿದ. “ಮಾತು ಜೋರಾಗೈತೆ ಕಣಣ್ಣ. ಆದ್ರೆ ಅವ್ರ ಪುಸ್ತಕ್ದಲ್ಲಿ ಮನೆ ಬಿದ್ದೋಯ್ತಲ್ಲ. ಅದ್ಕೇನಂತೀಯೆ?”

“ಅದೇ ಕಣ್ಲಾ ಸಿಕ್ಕಾಕ್ಕೊಂಡಿರೋದು.”

ಕೆಂಪಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು, “ಬಂಡೆ ಇದ್ದೋನು ಬಂಡೆ ಮ್ಯಾಲೆ ಕಟ್ದ, ಸರಿ. ಬಂಡೆ ಇಲ್ದೋನು ಏನ್ ಮಾಡ್ಬೇಕಂತೆ?”

ಪುಸ್ತಕ ತೆಗೆದು ಆ ಪುಟವನ್ನು ಮತ್ತೆ ಓದಿದೆ. ಅದಕ್ಕೆ ಉತ್ತರ ಅದರಲ್ಲಿರಲಿಲ್ಲ. ಮೂರು ದಿನ ಆ ಪ್ರಶ್ನೆ ಚಪ್ಪಲಿಯೊಳಗಿನ ಕಲ್ಲಿನ ಹಾಗೆ ನನ್ನ ಜೊತೆ ಓಡಾಡಿತು.

ಬುಧವಾರ ಸಂಜೆ ಲೂರ್ದಮ್ಮ ಬಾಗಿಲ ಬಳಿ ಕೂತು ನೆನೆದ ಅವರೆಕಾಳು ಹಿತುಕುತ್ತಿದ್ದಳು. ನಾನು ಗೋಡೆಗೆ ಮುಖ ಮಾಡಿ ಭಾಷಣ ಒಪ್ಪಿಸುತ್ತಿದ್ದೆ. ಅವಳಿಗೆ ಒಂದಕ್ಷರ ಬರುವುದಿಲ್ಲ. ಆದರೆ ಹುಟ್ಟಿದಾಗಿನಿಂದ ಪೂಜೆಯಲ್ಲಿ ಕಿವಿಯ ಮೇಲೆ ಬಿದ್ದದ್ದು ಒಂದೂ ಕೆಳಗೆ ಉದುರಿಲ್ಲ.

“ಈ ಕತೆ ಇನ್ನೊಂದು ಕಡೇನೂ ಬತ್ತದಲ್ಲ,” ಅಂದಳು. “ಲೂಕನ ಕಡೆ. ಅಲ್ಲಿ ಅವ್ನು ಅಗೀತಾನೆ.”

“ಏನ್ ಅಗೀತಾನೆ?”

“ನನ್ನೇನು ಕೇಳೀರಿ? ಆಳ್ವಾಗಿ ಅಗೀತಾನೆ. ತೆಗ್ದು ನೋಡಿ.”

ದೊಡ್ಡ ಬೈಬಲ್ಲು ತೆಗೆದು ಬೆರಳಿಟ್ಟು ಹುಡುಕಿದೆ. ಇತ್ತು! ಲೂಕನು ಬರೆದ ಕತೆಯಲ್ಲಿ ಜಾಣ ಅಗೆಯುತ್ತಾನೆ, ಆಳಕ್ಕೆ ಅಗೆದು, ಬಂಡೆ ಸಿಕ್ಕ ಮೇಲೆ ಪಾಯ ಹಾಕುತ್ತಾನೆ. ಇನ್ನೊಬ್ಬ ಪಾಯವೇ ಇಲ್ಲದೆ ನೆಲದ ಮೇಲೆ ಕಟ್ಟುತ್ತಾನೆ. ಮರಳಿನ ಹೆಸರೇ ಅಲ್ಲಿಲ್ಲ! ನಾನು ಕೂಗಿದ್ದು ಪಕ್ಕದ ಮನೆಗೂ ಕೇಳಿಸಿತು. ಲೂಕ ಯಾರೋ ಏನೋ, ಅವನು ಒಂದು ದಿನವಾದರೂ ಕಟ್ಟಡದ ಕೆಲಸ ಹತ್ತಿರದಿಂದ ನೋಡಿದ್ದಾನೆ ಅನ್ನಿಸಿತು. ತಪ್ಪು ಮರಳಿನದಲ್ಲ, ಅಗೆಯದವನದು. ಕೆಂಪಮ್ಮನಿಗೆ ಉತ್ತರವೂ ಸಿಕ್ಕಿತು: ಬಂಡೆ ಇಲ್ಲದವನು ಅಗೆಯಬೇಕು. ನಾಳೆ ಮೇಷ್ಟ್ರ ಮುಖ ಹೇಗಿರುತ್ತದೆ ಎಂದು ನೆನೆದು ನಾನು ಪಡಸಾಲೆಯಲ್ಲಿ ಎರಡು ಸುತ್ತು ಹಾಕಿದೆ.

ಲೂರ್ದಮ್ಮ ತಲೆಯೆತ್ತಲಿಲ್ಲ. “ಮೇಷ್ಟ್ರ ಮನೆ ಪಾಯ ಎಷ್ಟು ಅಗ್ದಿದ್ರಿ?”

“ಮೂರಡಿ.”

“ಅಗ್ದಿದ್ದು ಯಾರು?”

“ಮೇಷ್ಟ್ರು ಸಾಕು ಅಂದ್ಬುಟ್ರು ಕಣೆ...”

“ನಾನು ಕೇಳಿದ್ದು ಸಾಕು ಅಂದೋರ್ನಲ್ಲ. ಅಗ್ದಿದ್ದು ಯಾರು ಅಂತ.”

ಅವಳ ಬೆರಳ ಸಂದಿಯಿಂದ ಒಂದು ಕಾಳು ಸಿಪ್ಪೆ ಬಿಟ್ಟು ಜಾರಿ ನನ್ನ ಕಾಲ ಬಳಿ ಬಂದು ಬಿತ್ತು. ಇಪ್ಪತ್ತು ವರ್ಷ ಊರೆಲ್ಲ ಹೇಳಿಕೊಂಡು ತಿರುಗಿದ ಮಾತು ಹೀಗೆ ಅವರೆಕಾಳಿನಷ್ಟು ಸುಲಭವಾಗಿ ಸಿಪ್ಪೆ ಬಿಡುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು. ಊಟಕ್ಕೆ ಹಿತುಕಿದವರೆ ಸಾರು ಬಡಿಸಿದಳು. ಎರಡನೇ ಸಲ ಹಾಕಿಸಿಕೊಳ್ಳಲಿಲ್ಲ.

ಗುರುವಾರ ಬೆಳಿಗ್ಗೆ ಚಳಿ. ಪೂಜೆ ಮುಗಿಯಿತು. ಮೇಷ್ಟ್ರು ಫೋನು ಹಿಡಿದು ಮುಂದಿನ ಬೆಂಚಿನಲ್ಲಿ ಕೂತರು. ನಾನು ಹೋಗಿ ನಿಂತೆ. ಮೊನ್ನೆ ಮರಳಿನ ಗುಡ್ಡೆಯ ಮೇಲೆ ಹೇಳಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಜೇಬಿನಲ್ಲಿ ಮೇಷ್ಟ್ರ ಚೀಟಿ ಇತ್ತು. ತೆಗೆದು ಓದಿಬಿಟ್ಟರೆ ಎಲ್ಲರಿಗೂ ಸುಖ. ಜೇಬಿಗೆ ಹೋದ ಕೈಯನ್ನು ಹಾಗೇ ಹೊರಗೆ ತೆಗೆದೆ. ಹಿಂದಿನ ಸಾಲಿನಲ್ಲಿ ಲೂರ್ದಮ್ಮ ಮುಸುಕು ಎಳೆದುಕೊಂಡು ನೆಲ ನೋಡುತ್ತಿದ್ದಳು.

“ನಾನು ಗಾರೆಯೋನು. ಇವತ್ತಿನ ಮಾತು ನನ್ ಕಸುಬಿನ ಮಾತು. ಅದಕ್ಕೇ ಚೀಟಿ ಬ್ಯಾಡ ಅಂದೆ,” ಎಂದು ಶುರುಮಾಡಿದೆ. “ಮರಳಿನ ಮೇಲೆ ಮನೆ ಕಟ್ಟಿದ್ರೆ ಬೀಳ್ತದೆ ಅಂತ ಓದಿದ್ರು. ನಾನು ಮೂವತ್ತು ವರ್ಷದಿಂದ ಮರಳಿನ ಮೇಲೇ ಕಟ್ತಾ ಇದೀನಿ. ಬಿದ್ದಿಲ್ಲ. ಯಾಕೆ ಅಂದ್ರೆ ಮರಳು ಹಾಕೋದಕ್ಕೆ ಮುಂಚೆ ಅಗೀತೀವಿ. ಇದೇ ಕತೇನ ಲೂಕ ಬರೀವಾಗ ಜಾಣ ಅಗೆದ, ದಡ್ಡ ಅಗೀಲಿಲ್ಲ ಅಂತಾನೆ. ದೇವರು ನಾಗಮಂಗಲದೋರಿಗೆ ಬಂಡೆ ಕೊಟ್ಟ. ನಮಗೆ ಗದ್ದೆ ಕೊಟ್ಟ. ಕೆಲವ್ರಿಗೆ ಓದು ಕೊಟ್ಟ, ಕೆಲವ್ರಿಗೆ ಗುದ್ದಲಿ ಕೊಟ್ಟ. ಬಂಡೆ ಇಲ್ಲ ಅಂತ ನಮ್ಮ ಮನೆ ಏನು ನಾಚ್ಕೊಬೇಕಾಗಿಲ್ಲ.”

ಹಿಂದೆ ಯಾರೋ “ಅದು ದಿಟ” ಅಂದರು. ನನಗೆ ಗಾಳಿ ಬಂದಂತಾಯಿತು.

“ಆದ್ರೆ ಈ ಸೀಮೇಲಿ ಒಂದು ಮನೆ ಅದೆ...”

ಮೇಷ್ಟ್ರ ಕೈ ಮೇಲೆದ್ದಿತು. ಕೂತ್ಕೋ ಅನ್ನುವ ಕೈ. ಆರನೇ ತರಗತಿಯಲ್ಲಿ ಕಂಡ ಅದೇ ಕೈ.

“ಮೇಷ್ಟ್ರೇ, ಕೈ ಇಳ್ಸಿ. ನಾನು ಬೈಯಾಕೆ ಒಂಟಿರೋದು ನಿಮ್ಮನ್ನಲ್ಲ,” ಅಂದೆ. ಮೇಷ್ಟ್ರು ಕೈ ಇಳಿಸಿ ಫೋನನ್ನು ನೆಟ್ಟಗೆ ಹಿಡಿದರು. “ಆ ಮನೆಗೆ ಐದಡಿ ಬೇಕಿತ್ತು. ಮೂರಡಿಗೆ ಸಾಕು ಅಂದೋರು ಒಬ್ರು. ನಿಲ್ಸಿದೋನು ನಾನು. ಅವ್ರಿಗೆ ಮಣ್ಣಿನ ಇಚಾರ ಗೊತ್ತಿರ್ಲಿಲ್ಲ, ನನಗೆ ಗೊತ್ತಿತ್ತು. ಗೊತ್ತಿದ್ದೋನು ನಿಲ್ಸಿದ್ರೆ ಅದು ಯಾರ ತಪ್ಪು? ಗುದ್ದಲಿ ನನ್ ಕೈಲಿತ್ತು. ಇವತ್ತು ಹತ್ತು ಗಂಟೆಗೆ ಆ ಮೂಲೆ ಅಗೀತೀನಿ. ಬ್ಯಾಡ ಅಂದ್ರೂ ಅಗೀತೀನಿ. ಅಷ್ಟೇ ನನ್ ಚಿಂತನೆ.”

ಆಮೆನ್ ಹೇಳುವುದನ್ನು ಮರೆತು ಹೋಗಿ ಕೂತೆ. ಲೂರ್ದಮ್ಮ ಮುಸುಕಿನೊಳಗಿಂದಲೇ ಅದನ್ನು ಹೇಳಿದಳು, ಸ್ವಲ್ಪ ಗಟ್ಟಿಯಾಗಿಯೇ.

ಒಂಬತ್ತು ಗಂಟೆಗೆ ಹಾರೆ ಗುದ್ದಲಿ ಬೈಕಿಗೆ ಕಟ್ಟುತ್ತಿರುವಾಗ ಫೋನು ಗುಂಯ್ ಎಂದಿತು. ಮೇಷ್ಟ್ರು ನನ್ನ ಮಾತನ್ನು ಗ್ರೂಪಿಗೆ ಕಳಿಸಿದ್ದರು. ಒಂದು ಮಾತನ್ನೂ ಕತ್ತರಿಸಿರಲಿಲ್ಲ. ಕೆಳಗೆ ಮಾತ್ರ, “ಭಾಷೆಯ ದೋಷಗಳಿಗೆ ಕ್ಷಮೆಯಿರಲಿ” ಎಂದು ಬರೆದಿದ್ದರು. ನಾನು ಯಾರ ಕ್ಷಮೆಯನ್ನೂ ಕೇಳಿರಲಿಲ್ಲ. ಅದನ್ನೂ ಅಲ್ಲೇ ಬರೆಯೋಣವೆಂದು ಹೊರಟೆ, ಲೂರ್ದಮ್ಮ ಫೋನು ಕಿತ್ತುಕೊಂಡಳು. ಮುಂದಿನ ವರ್ಷ ಅವಳ ಪಾಳಿ ಬಂತು, ಚೀಟಿ ಇಲ್ಲದೆ ನಿಂತು ಹೇಳಿದಳು. ಅದಾದ ಮೇಲೆ ಕಬ್ಬು ಕಡಿಯುವವರ ಮನೆಯಾಕೆ ಒಬ್ಬಳು ಅವಳಿಗಿಂತ ಚೆನ್ನಾಗಿ ಹೇಳಿದಳು. ಅದು ಬೇರೆ ಸಂಕಟ, ಆ ವಾರವೆಲ್ಲ ನಮ್ಮ ಮನೆಯ ಸಾರಿಗೆ ಉಪ್ಪು ಹೆಚ್ಚಾಗಿತ್ತು.

ಬಾಬುರಾಯನಕೊಪ್ಪಲಿಗೆ ಪುಟ್ಟಾಚಾರಿಯನ್ನೂ ಕರೆದುಕೊಂಡು ಹೋದೆ. ನಿಂತ ಮನೆಯ ಪಾಯದ ಅಡಿಗೆ ಕೈ ಹಾಕುವುದು ತಮಾಷೆಯಲ್ಲ. ಒಂದೇ ಸಲ ಅಗೆದರೆ ಗೋಡೆ ತಲೆಯ ಮೇಲೆ ಬರುತ್ತದೆ. ಮೊದಲು ಮರದ ಆಸರೆ ಕೊಟ್ಟು, ಎರಡೆರಡಡಿ ತುಂಡು ತುಂಡಾಗಿ ಅಗೆದು, ಅಡಿಯಲ್ಲಿ ಕಲ್ಲು ಕೊಟ್ಟು, ಅದು ಬಿಗಿದ ಮೇಲೆ ಪಕ್ಕದ ತುಂಡಿಗೆ ಹೋಗಬೇಕು. ಆಸರೆ ನೆಟ್ಟು ಪುಟ್ಟಾಚಾರಿ ಹೇಳಿದ, “ಕೊನೇಗೂ ಗಾರೆಯೋನ್ನ ಉಳ್ಸಾಕೆ ಬಡಗಿನೇ ಬೇಕಾಯ್ತು ನೋಡು.”

“ಆಸರೆ ಸೊಟ್ಟಗದೆ,” ಅಂದೆ.

“ಗೋಡೆ ಸೊಟ್ಟಗದೆ ಕಣಣ್ಣ.”

ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು. ನಾನು ಅಂಗಿ ಬಿಚ್ಚಿ ಇಳಿದೆ. ಮೂರಡಿಗೆ ನಾನೇ ಇಟ್ಟಿದ್ದ ಕಲ್ಲು ಕಂಡವು. ಇಪ್ಪತ್ತು ವರ್ಷದ ಹಿಂದಿನ ನನ್ನ ಕೈಬರಹ. ಅದರ ಅಡಿಯಲ್ಲಿ ಅದೇ ಜೇಡಿ, ಅದೇ ನೀರು. ಅಗೆದೆ. ನಾಲ್ಕಡಿಗೂ ಜೇಡಿ. ಅಷ್ಟು ಹೊತ್ತಿಗೆ ಮಧ್ಯಾಹ್ನವಾಗಿತ್ತು, ಬೆನ್ನು ಬಿಲ್ಲಾಗಿತ್ತು. ಮೇಲೆ ನೆರಳು ಬಿತ್ತು. ಮೇಷ್ಟ್ರು ಎರಡು ಲೋಟ ಕಾಫಿ ಹಿಡಿದು ಗುಂಡಿಯ ಅಂಚಿನಲ್ಲಿ ನಿಂತಿದ್ದರು.

“ಸಾಕು ಕಣಯ್ಯ ಇನ್ನಾಸಪ್ಪ,” ಅಂದರು. “ಮೇಲೆ ಬಾ. ಕಾಫಿ ಆರ್ತದೆ.”

ನಾನು ಗುದ್ದಲಿಯ ಕಾವಿಗೆ ಗಲ್ಲ ಊರಿ ಅವರನ್ನು ನೋಡಿದೆ. “ಈ ಸಲ ಸಾಕು ಅನ್ನೋನು ನಾನು ಮೇಷ್ಟ್ರೇ. ನೀವು ಕಾಫಿ ಕುಡೀರಿ.”

ಅವರು ಕುಡಿಯಲಿಲ್ಲ. ಒಂದು ಲೋಟವನ್ನು ಪುಟ್ಟಾಚಾರಿಯ ಕೈಗಿತ್ತರು, ಇನ್ನೊಂದನ್ನು ಕಿಟಕಿಯ ಮೇಲಿಟ್ಟರು, ಆ ಬಿರುಕಿನ ಪಕ್ಕದಲ್ಲೇ. ಬಿಳಿ ಪಂಚೆಯನ್ನು ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿದರು. ಮತ್ತೆ ಅಂಚಿಗೆ ಬಂದು ಎರಡೂ ಕೈ ಚಾಚಿದರು.

“ಬಾಂಡ್ಲಿ ಇತ್ತ ಕೊಡು.”

ವಯಸ್ಸಾದವರು ಎಂದು ಅರ್ಧ ಮಣ್ಣು ತುಂಬಿ ಎತ್ತಿ ಕೊಡಹೋದೆ. ಅವರು ಬಾಂಡ್ಲಿಯೊಳಗೆ ಬಗ್ಗಿ ನೋಡಿ, ಕೆಂಪು ಶಾಯಿಯಲ್ಲಿ ಗೆರೆ ಎಳೆಯುವವರ ಹಾಗೆ ತಲೆಯಾಡಿಸಿದರು.

“ಯಾಕಯ್ಯ ಅರ್ಧಕ್ಕೆ ನಿಲ್ಲಿಸ್ದೆ? ಪೂರ್ತಿ ತುಂಬು.”